ಆರೇ ರೇಸ್ ಓಡಿ ಆರೂ ಗೆದ್ದರೆ ಶ್ರೇಷ್ಠ ಕುದುರೆಯೇ?

ಪ್ರಶ್ನೆ: ಅಮೆರಿಕದ ರೇಸ್ ಕುದುರೆ ಫ್ಲೈಟ್‌ಲೈನ್ ಓಡಿದ್ದು ಆರೇ ರೇಸ್, ಒಂದನ್ನೂ ಸೋತಿಲ್ಲ. ಅಮೆರಿಕದ್ದೇ ಆದ ಜೆನ್ಯಾಟಾ ಒಂದು ಸೋತಿದೆ, ಆಸ್ಟ್ರೇಲಿಯಾದ ವಿಂಕ್ಸ್ ಆರು ಸೋತಿದೆ. ಆದರೂ ಫ್ಲೈಟ್‌ಲೈನನ್ನು ಅವುಗಳ ಸಾಲಿಗೆ ಸೇರಿಸಲು ಹಲವರು ಹಿಂದೇಟು ಹಾಕುತ್ತಾರೆ. ಯಾಕೆ?

ಉತ್ತರ: ಹಿಂದೇಟು ಹಾಕುವವರಲ್ಲಿ ನಾನೂ ಇದ್ದೇನೆ. ವೇಗದ ಬಗ್ಗೆ ತಕರಾರಿಲ್ಲ, ಓಡಿದ್ದು ತೀರಾ ಕಮ್ಮಿ ಎಂಬುದೇ ತಕರಾರು. 2022ರ ಸೆಪ್ಟೆಂಬರ್‌ನಲ್ಲಿ ಡೆಲ್ ಮಾರ್‌ನಲ್ಲಿ ನಡೆದ ಪೆಸಿಫಿಕ್ ಕ್ಲಾಸಿಕ್ ರೇಸನ್ನೇ ನೋಡಿ. ಫ್ಲೈಟ್‌ಲೈನ್ ಗೆದ್ದದ್ದು 19¼ ಲೆಂತ್ ಅಂತರದಲ್ಲಿ. ಒಂದು ಲೆಂತ್ ಅಂದ್ರೆ ಮೂತಿಯಿಂದ ಬಾಲದವರೆಗೆ ಒಂದು ಕುದುರೆಯ ಉದ್ದ. ಎರಡನೆಯದಾಗಿ ಬಂದದ್ದು ಯಾವುದೋ ಸಾದಾ ಕುದುರೆಯಲ್ಲ. ಅದೇ ವರ್ಷ ದುಬೈ ವರ್ಲ್ಡ್ ಕಪ್ ಗೆದ್ದಿದ್ದ ಕಂಟ್ರಿ ಗ್ರಾಮರ್! ನವೆಂಬರ್‌ನಲ್ಲಿ ಅಮೆರಿಕದ ದೊಡ್ಡ ರೇಸ್‌ಗಳಲ್ಲೊಂದಾದ ಬ್ರೀಡರ್ಸ್ ಕಪ್ ಕ್ಲಾಸಿಕ್ ಕೂಡ ಆರಾಮಾಗಿ ಗೆದ್ದಿತು. ಅಂತಾರಾಷ್ಟ್ರೀಯ ರೇಟಿಂಗ್‌ನಲ್ಲಿ 140 ಅಂಕ ಸಿಕ್ಕಿತು, ಅಂದರೆ ಬ್ರಿಟನ್ನಿನಲ್ಲಿ ಒಮ್ಮೆಯೂ ಸೋಲದೆ ಓಡಿದ ಫ್ರಾಂಕೆಲ್‌ಗೆ ಸಮ.

ಅಲ್ಲಿಗೆ ಓಟ ಬಂದ್. ವಯಸ್ಸಿನ್ನೂ ನಾಲ್ಕು.

ಕಾರಣ ದುಡ್ಡು. ಈ ರೇಸ್ ಕುದುರೆಗಳ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಹೆಣ್ಣು ಕುದುರೆಯನ್ನು ಸ್ಟಾಲಿಯನ್, ಅಂದರೆ ಮರಿಗಾಗಿ ಸಾಕುವ ಗಂಡು ಕುದುರೆ, ಇರುವಲ್ಲಿಗೇ ಕರೆತರಬೇಕು. ಫ್ಲೈಟ್‌ಲೈನ್‌ಗೆ 2023ರಲ್ಲಿ ಇಟ್ಟ ಶುಲ್ಕ ಒಂದು ಹೆಣ್ಣು ಕುದುರೆಗೆ 2 ಲಕ್ಷ ಡಾಲರ್. ಒಂದು ಸೀಸನ್‌ನಲ್ಲಿ ನೂರು ಹೆಣ್ಣು ಕುದುರೆ ಬಂದರೂ 2 ಕೋಟಿ ಡಾಲರ್ ಆಯಿತು. ಇನ್ನೊಂದು ವರ್ಷ ಓಡಿಸಿ, ಕಾಲು ಮುರಿದರೆ ಅಷ್ಟೂ ಹೋಯಿತು. ಮಾಲೀಕರ ಲೆಕ್ಕ ಸರಿಯೇ ಇದೆ. ನಷ್ಟ ನೋಡುವ ನಮಗೆ, ಅಷ್ಟೇ.

ಹೆಣ್ಣು ಕುದುರೆಯ ಲೆಕ್ಕ ಬೇರೆ. ಅದು ವರ್ಷಕ್ಕೆ ಹಾಕುವುದು ಒಂದೇ ಮರಿ. ಹಾಗಾಗಿ ಬೇಗ ನಿಲ್ಲಿಸುವ ಅವಸರ ಕಮ್ಮಿ. ಇತ್ತೀಚಿನ ದಶಕಗಳಲ್ಲಿ ವರ್ಷಗಟ್ಟಲೆ ಓಡಿ ಹೆಸರು ಮಾಡಿದವುಗಳಲ್ಲಿ ಜೆನ್ಯಾಟಾ, ಬ್ಲ್ಯಾಕ್ ಕೇವಿಯರ್, ವಿಂಕ್ಸ್, ಎನೇಬಲ್ ಎಲ್ಲವೂ ಹೆಣ್ಣೇ. ಇದು ಸುಮ್ನೆ ಆದದ್ದಲ್ಲ.

ವಿಂಕ್ಸ್ ಆರು ಸೋತದ್ದು ಮೊದಲ ಹತ್ತು ರೇಸ್‌ಗಳಲ್ಲಿ. ಆಮೇಲೆ 2015ರಿಂದ 2019ರವರೆಗೆ ಸತತ 33 ಗೆಲುವು, ಅದರಲ್ಲಿ ಆಸ್ಟ್ರೇಲಿಯಾದ ದೊಡ್ಡ ರೇಸ್ ಕಾಕ್ಸ್ ಪ್ಲೇಟ್ ನಾಲ್ಕು ಸಲ. ಆಸ್ಟ್ರೇಲಿಯಾ ಬಿಟ್ಟು ಹೊರಗೆ ಓಡಲಿಲ್ಲ ಎಂಬ ದೂರು ನಿಜ. ಆದರೆ ಫ್ರಾಂಕೆಲ್ ಕೂಡ ಬ್ರಿಟನ್ ದಾಟಿದ್ದಿಲ್ಲ, ಅಲ್ವಾ?

ಜೆನ್ಯಾಟಾ 20ರಲ್ಲಿ 19 ಗೆದ್ದಿತು. ಅದರ ಸೋಲೇ ನನಗೆ ಜಾಸ್ತಿ ಇಷ್ಟ. 2010ರ ಬ್ರೀಡರ್ಸ್ ಕಪ್ ಕ್ಲಾಸಿಕ್, ಚರ್ಚಿಲ್ ಡೌನ್ಸ್, ದೀಪಗಳ ಬೆಳಕು. ಮೊದಲು ಎಲ್ಲರ ಹಿಂದೆ ಓಡುವುದು ಅದರ ಅಭ್ಯಾಸವೇ. ಅವತ್ತು ಮಾತ್ರ ವಿಪರೀತ ಹಿಂದೆ ಬಿತ್ತು. ಜಾಕಿ ಮೈಕ್ ಸ್ಮಿತ್ ಆ ಮಣ್ಣಿನ ಟ್ರ್ಯಾಕ್‌ನಲ್ಲಿ ಒಂದೊಂದೇ ಕುದುರೆ ದಾಟಿಸುತ್ತಾ ಬಂದರು. ಕೊನೆಗೆ ಬ್ಲೇಮ್ ಎಂಬ ಕುದುರೆ ಎದುರು ತಲೆಯಷ್ಟು ಅಂತರದಲ್ಲಿ ಸೋಲು. ಹೆಚ್ಚಿನ ರೇಸ್‌ಗಳನ್ನು ಕ್ಯಾಲಿಫೋರ್ನಿಯಾದ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಓಡಿದ್ದ ಕುದುರೆಯದು. ಆರನೇ ವಯಸ್ಸಿನಲ್ಲಿ ಅಲ್ಲಿಗೆ ಕರೆತಂದದ್ದೇ ದೊಡ್ಡದು.

ಹಾಗಾದರೆ ಸೋಲದಿರುವುದೇ ತಪ್ಪಾ? ಖಂಡಿತ ಅಲ್ಲ. ಫ್ರಾಂಕೆಲ್ 14ರಲ್ಲಿ 14 ಗೆದ್ದಿತು, ನಾಲ್ಕನೇ ವಯಸ್ಸಿನಲ್ಲೂ ಐದು ಸಲ ಓಡಿತು. ಮೈಲಿ ದೂರ ಮಾತ್ರ ಗೊತ್ತು ಎಂದವರಿಗೆ 2012ರಲ್ಲಿ ಯಾರ್ಕ್‌ನ ಹತ್ತೂವರೆ ಫರ್ಲಾಂಗ್ ರೇಸನ್ನು ಏಳು ಲೆಂತ್‌ಗಳಿಂದ ಗೆದ್ದು ತೋರಿಸಿತು. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಅದೇ.

2018ರಲ್ಲಿ ಟ್ರಿಪಲ್ ಕ್ರೌನ್, ಅಂದರೆ ಮೂರು ವರ್ಷದ ಕುದುರೆಗಳಿಗಷ್ಟೇ ಇರುವ ಅಮೆರಿಕದ ಮೂರು ದೊಡ್ಡ ರೇಸ್, ಗೆದ್ದ ಜಸ್ಟಿಫೈ ಕೂಡ ಆರಕ್ಕೆ ಆರು. ಆದರೆ ಮೊದಲ ರೇಸ್‌ನಿಂದ ಕೊನೆಯದಕ್ಕೆ ನಾಲ್ಕು ತಿಂಗಳೂ ಆಗಿರಲಿಲ್ಲ. ವಯಸ್ಸಾದ ಚಾಂಪಿಯನ್‌ಗಳನ್ನು ಅದು ಎದುರಿಸಲೇ ಇಲ್ಲ. 2015ರಲ್ಲಿ ಅದೇ ಕಿರೀಟ ಗೆದ್ದ ಅಮೆರಿಕನ್ ಫರೋ ಆಗಸ್ಟ್‌ನಲ್ಲಿ ಸಾರಟೋಗಾಕ್ಕೆ ಹೋಗಿ ಕೀನ್ ಐಸ್ ಎಂಬ ಕುದುರೆಗೆ ಸೋತಿತು. ಅಕ್ಟೋಬರ್‌ನಲ್ಲಿ ಹಿರಿಯ ಕುದುರೆಗಳ ಜೊತೆ ಓಡಿ ಬ್ರೀಡರ್ಸ್ ಕಪ್ ಕ್ಲಾಸಿಕ್ ಗೆದ್ದಿತು. ಇವೆರಡರಲ್ಲಿ ನನ್ನ ಮತ ಫರೋಗೆ.