ಪದ ಪರಿಚಯ: ಕ್ಯಾಂಪಿಲೊಬ್ಯಾಕ್ಟರ್

ಕ್ಯಾಂಪಿಲೊಬ್ಯಾಕ್ಟರ್ ಎಂಬುದು ಗ್ರೀಕ್ ಮೂಲದ ಹೆಸರು. ಬಾಗಿದ ಕೋಲು ಎಂದು ಅದರ ಅರ್ಥ. ಸೂಕ್ಷ್ಮದರ್ಶಕದಲ್ಲಿ ಸುರುಳಿಯಂತೆ ಬಳುಕಿ ಕಾಣುವ ಈ ಬ್ಯಾಕ್ಟೀರಿಯಾಕ್ಕೆ 1963ರಲ್ಲಿ ಆ ಹೆಸರು ಬಂತು. ಕೋಳಿಯ ಮೈಬಿಸಿ 41–42 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಈ ಜೀವಿಗೆ ಹಿತವಾದ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಅದು ಕೋಳಿಯ ಕರುಳಿನಲ್ಲಿ ಹೇರಳವಾಗಿ ಬೆಳೆಯುತ್ತದೆ. ಕೋಳಿ ಮಾತ್ರ ಸಾಮಾನ್ಯವಾಗಿ ಆರೋಗ್ಯವಾಗಿಯೇ ಕಾಣುತ್ತದೆ; ಕಾಯಿಲೆ ಬರುವುದು ಅದು ತಾಗಿದ ಮಾಂಸವನ್ನು ತಿಂದವರಿಗೆ.

ಕಲುಷಿತ ಮಾಂಸ ಎಂದೊಡನೆ ಹಳಸಿ ನಾರುವ ಮಾಂಸ ನೆನಪಾಗುವುದು ಸಹಜ, ಆದರೆ ಇಲ್ಲಿ ಆ ಅರ್ಥ ಸಲ್ಲದು. ಮಾಂಸವನ್ನು ಕೆಡಿಸುವ ಬ್ಯಾಕ್ಟೀರಿಯಾಗಳು ಬೇರೆ, ತಿಂದವರಿಗೆ ಕಾಯಿಲೆ ತರುವವು ಬೇರೆ. ಪುಕ್ಕ ಕೀಳುವಾಗ, ಕರುಳು ತೆಗೆಯುವಾಗ ಹಿಕ್ಕೆಯ ಅಂಶ ಚರ್ಮಕ್ಕೆ ತಾಗುತ್ತದೆ, ಅದರೊಂದಿಗೆ ಈ ಬ್ಯಾಕ್ಟೀರಿಯಾವೂ. ಬಣ್ಣ, ವಾಸನೆ ಯಾವುದೂ ಬದಲಾಗುವುದಿಲ್ಲ. ಕಣ್ಣೆದುರೇ ಕೊಯ್ಯಿಸಿ ತಂದ ಕೋಳಿಯೇ ಶ್ರೇಷ್ಠವೆಂಬ ನಮ್ಮ ನಂಬಿಕೆಗೆ ರುಚಿಯ ಮಟ್ಟಿಗೆ ಆಧಾರವಿರಬಹುದು; ಈ ಜೀವಿಯ ವಿಷಯದಲ್ಲಿ ಇಲ್ಲ. ಫ್ರೀಜರಿನಲ್ಲಿ ಗಡ್ಡೆಕಟ್ಟಿಸಿದ ಕೋಳಿಯಲ್ಲಿ ಅದರ ಸಂಖ್ಯೆ ಕಡಿಮೆಯಾಗುತ್ತದೆ, ಪೂರ್ತಿ ಅಳಿಯದಿದ್ದರೂ.

ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2014ರ ಫೆಬ್ರವರಿಯಿಂದ ಒಂದು ವರ್ಷ ಕಾಲ, ಅಂಗಡಿಗಳಲ್ಲಿ ಮಾರಾಟಕ್ಕಿದ್ದ 4,000ಕ್ಕೂ ಹೆಚ್ಚು ತಾಜಾ ಇಡಿ ಕೋಳಿಗಳನ್ನು ಪರೀಕ್ಷಿಸಿದಾಗ ಶೇ 73ರಷ್ಟರಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕಿತು. ಶೇ 19ರಷ್ಟರಲ್ಲಿ ಪ್ರತಿ ಗ್ರಾಂಗೆ 1,000ಕ್ಕೂ ಹೆಚ್ಚು ಜೀವಿಗಳಿದ್ದವು. ಶೇ 7ರಷ್ಟು ಪೊಟ್ಟಣಗಳ ಹೊರಮೈಯಲ್ಲೂ ಅದು ಇತ್ತು. ಕೆಲವು ನೂರು ಜೀವಿಗಳು ಹೊಟ್ಟೆ ಸೇರಿದರೂ ಭೇದಿ, ಜ್ವರ, ಹೊಟ್ಟೆನೋವು ಬರಬಹುದು ಎಂಬುದನ್ನು ಇದರೊಂದಿಗೆ ಸೇರಿಸಿ ನೋಡಬೇಕು. ವಿರಳವಾಗಿ, ನರಗಳನ್ನು ದುರ್ಬಲಗೊಳಿಸುವ ಗಿಲ್ಲನ್–ಬಾರೆ ರೋಗವೂ ಇದರ ಹಿಂದೆಯೇ ಕಾಣಿಸಿಕೊಳ್ಳುತ್ತದೆ. ಲಕ್ಷಣಗಳು ಹೆಚ್ಚಾಗಿ ಎರಡರಿಂದ ಐದು ದಿನ ತಡವಾಗಿ ತೋರುವುದರಿಂದ, ಮೊನ್ನೆ ಮನೆಯಲ್ಲಿ ಮಾಡಿದ ಕೋಳಿ ಸಾರಿನ ಬದಲು ನಿನ್ನೆಯ ಹೋಟೆಲ್ ಊಟ ಆರೋಪ ಹೊರುವುದುಂಟು.

ಅದೇ ಸಂಸ್ಥೆ 2014ರಲ್ಲಿ ಹಸಿ ಕೋಳಿಯನ್ನು ತೊಳೆಯಬೇಡಿ ಎಂದು ಪ್ರಚಾರ ಮಾಡಿತು. ಅರಿಸಿನ ಹಚ್ಚಿ ಮೂರು ನೀರಿನಲ್ಲಿ ತೊಳೆಯುವ ನಮಗೆ ಇದು ವಿಚಿತ್ರವೆನಿಸಬಹುದು. ಆದರೆ ನಲ್ಲಿಯ ನೀರು ಚರ್ಮದ ಮೇಲಿನ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಸಿಡಿದ ಹನಿಗಳ ಜೊತೆ ಅದನ್ನು ಸಿಂಕಿಗೂ ಪಕ್ಕದ ಪಾತ್ರೆಗಳಿಗೂ ಹರಡುತ್ತದೆ. ಅದನ್ನು ಕೊಲ್ಲುವುದು ಬೆಂಕಿ: ಮಾಂಸದ ಒಳಭಾಗ ಕನಿಷ್ಠ 70 ಡಿಗ್ರಿ ಮುಟ್ಟುವವರೆಗೆ ಬೇಯಿಸಬೇಕು. ಕುದಿದು ಬೆಂದ ಸಾರು ಅಪಾಯ ತರುವುದು ಅಪರೂಪ. ಕೋಳಿ ಕತ್ತರಿಸಿದ ಚಾಕು ಮತ್ತು ಮಣೆಯಲ್ಲೇ ಹೆಚ್ಚಿ, ಬೇಯಿಸದೆ ತಟ್ಟೆಯ ಪಕ್ಕಕ್ಕೆ ಇಡುವ ಈರುಳ್ಳಿ ಹೋಳು ತರಬಹುದು.