‘ಹೇ ವೇನ್’ ನಕಲು ಮಾಡುತ್ತ ತೈಲವರ್ಣ ಕಲಿಯುವುದು

ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟಬಲ್ 1821ರಲ್ಲಿ ಪ್ರದರ್ಶಿಸಿದ, ಹೊಳೆಯಲ್ಲಿ ನಿಂತ ಹುಲ್ಲುಗಾಡಿಯ ತೈಲಚಿತ್ರ ‘ದಿ ಹೇ ವೇನ್’ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದಕ್ಕೆಂದು ಅಷ್ಟೇ ದೊಡ್ಡದಾಗಿ ಆತ ಮಾಡಿಕೊಂಡ ತೈಲ ಸ್ಕೆಚ್ ಅದೇ ಊರಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನಕಲು ಮಾಡಿ ಕಲಿಯುವವರಿಗೆ ಇಂಥ ಜೋಡಿ ಅಪರೂಪ. ಮುಗಿದ ಚಿತ್ರವೊಂದನ್ನೇ ಎದುರಿಟ್ಟುಕೊಂಡರೆ ಕೈ ನೇರ ಎಲೆ, ನಾಯಿಯಂಥ ಸಣ್ಣ ವಿವರಗಳಿಗೆ ಹೋಗುತ್ತದೆ. ಆದ್ದರಿಂದ ಮೊದಲ ಎರಡು ಪದರವನ್ನು ಸ್ಕೆಚ್ ನೋಡಿ ಮಾಡಿ. ಕೊನೆಯ ಪದರಕ್ಕೆ ಮಾತ್ರ ಚಿತ್ರ ಸಾಕು.

ಮೂಲದ ಅಳತೆ 130.2 × 185.4 ಸೆಂ.ಮೀ. 14 × 20 ಇಂಚಿನ ಕ್ಯಾನ್ವಾಸ್ ಈ ಪ್ರಮಾಣಕ್ಕೆ ಚೆನ್ನಾಗಿ ಹೊಂದುತ್ತದೆ. ಎರಡನ್ನೂ ಅಡ್ಡಕ್ಕೆ 10, ಎತ್ತರಕ್ಕೆ 7 ಚೌಕಗಳಾಗಿ ಭಾಗಿಸಿದರೆ ನಿಮ್ಮ ಒಂದೊಂದು ಚೌಕವೂ 2 ಇಂಚು.

ಬಿಳಿ ಕ್ಯಾನ್ವಾಸ್ ಮೇಲೆ ಶುರು ಮಾಡಬೇಡಿ. ಬರ್ನ್ಟ್ ಸಿಯೆನ್ನಾವನ್ನು (ಕೆಂಗಂದು ಬಣ್ಣ) ಟರ್ಪೆಂಟೈನಿನಲ್ಲಿ ತೆಳುಮಾಡಿ ಬಳಿದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಸ್ಕೆಚ್ಚಿನಲ್ಲಿ ಈ ಕಂದು ತಳಬಣ್ಣ ಅಲ್ಲಲ್ಲಿ ಹಾಗೇ ಕಾಣುತ್ತದೆ. ಮರಗಳ ಹಸಿರಿಗೆ ಬೆಚ್ಚನೆಯ ಗುಣ ಬರುವುದರಲ್ಲಿ ಇದರ ಪಾಲು ದೊಡ್ಡದು.

ಮೊದಲ ಪದರ ಬರೀ ಬರ್ನ್ಟ್ ಅಂಬರ್ (ಗಾಢ ಕಂದು) ಮತ್ತು ಟರ್ಪೆಂಟೈನ್. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ನಿಧಾನ, ಕೆಳಗೆ ಬೇಡ. ಎರಡನೆಯ ಪದರಕ್ಕೆ ಲಿನ್ಸೀಡ್ (ಅಗಸೆ) ಎಣ್ಣೆ 1 ಪಾಲು, ಟರ್ಪೆಂಟೈನ್ 2 ಪಾಲು, ಮೂರನೆಯದಕ್ಕೆ ಸಮಸಮ. ಎಣ್ಣೆ ಹೆಚ್ಚಿರುವ ಪದರ ನಿಧಾನವಾಗಿ ಒಣಗುತ್ತದೆ, ಬಾಗುವ ಗುಣವೂ ಅದಕ್ಕೆ ಹೆಚ್ಚು. ಅದನ್ನು ಕೆಳಗಿಟ್ಟು ಮೇಲೆ ಎಣ್ಣೆ ಕಡಿಮೆಯಾದ ಬಣ್ಣ ಹಚ್ಚಿದರೆ ಮೇಲಿನದು ಬಿರಿಯುತ್ತದೆ. ಒಣಗಿದ ಮೇಲೆ ಕೆಲವು ಕಡೆ ಬಣ್ಣ ಮಂಕಾದರೆ ಅಲ್ಲಿ ಒಂದು ತೊಟ್ಟು ಎಣ್ಣೆ ತೀಡಿ, ಉಳಿದದ್ದನ್ನು ಒರೆಸಿಬಿಡಿ.

ಆಕಾಶ ಮೊದಲು. ಮೋಡದ ತಳಕ್ಕೆ ಅಲ್ಟ್ರಾಮರೀನ್ (ಗಾಢ ನೀಲಿ), ಬರ್ನ್ಟ್ ಸಿಯೆನ್ನಾ, ಬಿಳಿ ಬೆರೆಸಿದ ಬೂದು. ಮರದ ಅಂಚಿನವರೆಗೆ ಬಂದು ನಿಲ್ಲದೆ ಆಕಾಶವನ್ನು ಸ್ವಲ್ಪ ಒಳಕ್ಕೆ ಎಳೆಯಿರಿ, ಎಲೆಗಳನ್ನು ಅದರ ಮೇಲೆ ತನ್ನಿ. ಇಲ್ಲವಾದರೆ ಮರ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಎಲೆಗಳ ನಡುವೆ ಇಣುಕುವ ಆಕಾಶವನ್ನು ತೆರೆದ ಆಕಾಶಕ್ಕಿಂತ ಒಂದು ಮೆಟ್ಟಿಲು ಕಪ್ಪಾಗಿಸಿ. ಟ್ಯೂಬಿನ ಹಸಿರನ್ನು ದೂರವಿಟ್ಟು ಅಲ್ಟ್ರಾಮರೀನ್–ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕಪ್ಪು–ಕ್ಯಾಡ್ಮಿಯಂ ಹಳದಿ ಬೆರೆಸಿ. ಆಗ ಹಸಿರು ಎಲ್ಲ ಕಡೆ ಒಂದೇ ಆಗುವುದಿಲ್ಲ.

ಈಗ ಮನುಷ್ಯರು. ಹೆಚ್ಚಿನ ನಕಲುಗಳು ಕೆಡುವುದು ಇಲ್ಲೇ. ಹಿನ್ನೆಲೆ ಪೂರ್ತಿ ಮುಗಿಸಿ ಗಾಡಿಯನ್ನೂ ಅದರಲ್ಲಿರುವವರನ್ನೂ ಆಮೇಲೆ ಸೇರಿಸಿದರೆ, ಅವರು ನೀರಿನಲ್ಲಿ ನಿಲ್ಲದೆ ತೇಲುತ್ತಾರೆ. ಅಂಬರ್ ಪದರದಲ್ಲೇ ಗಾಡಿ, ಕುದುರೆ, ಜನರನ್ನು ಒಂದೇ ಕಪ್ಪು ಆಕಾರವಾಗಿ ಕೂರಿಸಿ, ನೀರಿನ ಪ್ರತಿಬಿಂಬವನ್ನೂ ಅದೇ ಹೊತ್ತಿಗೆ ಎಳೆಯಿರಿ. ಚಕ್ರ ನೀರಿಗೆ ತಾಗುವ ಗೆರೆ ಮೃದುವಾಗಿರಲಿ. ಮುಖಕ್ಕೆ ಕುಂಚದ ಒಂದು ಬೆಳಕಿನ ಹಚ್ಚು, ಒಂದು ನೆರಳಿನ ಹಚ್ಚು. ಕಣ್ಣು ಮೂಗು ಬರೆಯಹೋದರೆ ತಲೆ ತಾನಾಗಿಯೇ ದೊಡ್ಡದಾಗುತ್ತದೆ. ದೂರದ ಹುಲ್ಲುಗಾವಲಿನ ಕೆಲಸಗಾರರಿಗೆ ತಲಾ ಒಂದೇ ಹಚ್ಚು ಸಾಕು. ಹಸಿರಿಗೆ ಎದುರು ಬಣ್ಣವಾದ ಕೆಂಪನ್ನು ಕಾನ್‌ಸ್ಟಬಲ್ ಕುದುರೆಗಳ ಸಾಜಿಗೆ (ಮೈಗೆ ಕಟ್ಟುವ ಪಟ್ಟಿಗಳಿಗೆ) ಇಟ್ಟಿದ್ದಾನೆ. ಅಷ್ಟು ತೀಕ್ಷ್ಣ ಕೆಂಪನ್ನು ಬೇರೆಲ್ಲೂ ಬಳಸದಿದ್ದರೆ ಕಣ್ಣು ನೇರ ಗಾಡಿಗೇ ಹೋಗುತ್ತದೆ.

ಜಾಗ ತಪ್ಪಿದ ಆಕೃತಿಯ ಮೇಲೆ ಬಣ್ಣ ಬಳಿದು ಮುಚ್ಚಬೇಡಿ, ಬಣ್ಣದ ಚಾಕುವಿನಿಂದ (ಪ್ಯಾಲೆಟ್ ನೈಫ್) ಕೆರೆದು ತೆಗೆಯಿರಿ. ತೈಲವರ್ಣ ಹಳತಾದಂತೆ ಪಾರದರ್ಶಕವಾಗುತ್ತದೆ. ಮುಂಭಾಗದ ದಡದಲ್ಲಿ ಕಾನ್‌ಸ್ಟಬಲ್ ಬರೆದು ಆಮೇಲೆ ಮುಚ್ಚಿದ ಆಕಾರವೊಂದು ಈ ಚಿತ್ರದಲ್ಲೇ ಈಗ ಮಸುಕಾಗಿ ಕಾಣುತ್ತದೆ.

ನೀರು ಮತ್ತು ಎಲೆಗಳ ಮೇಲಿನ ಬಿಳಿ ಮಿಂಚುಗಳು ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಪದರ ಒಣಗಿರಲಿ, ಬಣ್ಣವನ್ನು ತೆಳುಮಾಡದೆ ದಪ್ಪಗೆ, ಚಾಕುವಿನ ತುದಿಯಿಂದ ಮುಟ್ಟಿಸಿ ಬಿಡಿ. ಹಸಿಯ ಮೇಲೆ ಹಚ್ಚಿದರೆ ಹಸಿರು ಬೆರೆತು ಸುಣ್ಣದ ಬಣ್ಣವಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ನೀರಿನಲ್ಲಿ ನೆನೆಸಿಡಿ.