ಹೊಗೆಯೋ, ಉಗಿಯೋ? ಪೂಲ್ ಟೇಬಲ್ ಸುತ್ತಲಿನ ಹಳೇ ಜಗಳ

ಹುಬ್ಬಳ್ಳಿಯ ವಿದ್ಯಾನಗರದ ಕಡೆ ನಾನು ಪೂಲ್, ಅಂದರೆ ಕೋಲಿನಿಂದ ಬಾಲ್ ತಳ್ಳಿ ಟೇಬಲ್ಲಿನ ಕುಳಿಗೆ ಬೀಳಿಸುವ ಆಟ, ಆಡಲು ಹೋಗುವ ಪಾರ್ಲರಿನಲ್ಲಿ ಒಂದು ಹಳೇ ಟೇಬಲ್ ಇದೆ. ಅದರ ಕಟ್ಟಿಗೆಯ ಅಂಚಿನ ಮೇಲೆ ಬೆರಳಗಲದ ಕಪ್ಪು ಕಲೆಗಳು, ಒಂದರ ಪಕ್ಕ ಒಂದು. ಉರಿಯುವ ಸಿಗರೇಟನ್ನು ಅಲ್ಲೇ ಇಟ್ಟು ಶಾಟ್ ಹೊಡೆಯಲು ಬಗ್ಗುತ್ತಿದ್ದ ಕಾಲದ ಗುರುತು ಅವು. ಕಿಡಿ ಟೇಬಲ್ಲಿಗೆ ಹೊದಿಸಿದ ಬಟ್ಟೆ ಮೇಲೆ ಬಿದ್ದರಂತೂ ಮುಗೀತು. ಸಾಸಿವೆಯಷ್ಟು ತೂತು ಸಾಕು, ಮೆಲ್ಲಗೆ ಉರುಳುವ ಬಾಲ್ ಅಲ್ಲಿಗೆ ಬಂದು ಸೊಟ್ಟ ತಿರುಗುತ್ತೆ.

ಇಂಥ ಆಟಗಳಿಗೂ ತಂಬಾಕಿಗೂ ನಂಟು ಹಳೆಯದು. ಪೂಲ್‌ನ ಅಣ್ಣನಂತಿರುವ ಸ್ನೂಕರ್ ಹುಟ್ಟಿದ್ದೇ 1875ರಲ್ಲಿ, ನಮ್ಮ ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ಮೆಸ್‌ನಲ್ಲಿ. ಮುಂದೆ ವಿಶ್ವ ಸ್ನೂಕರ್ ಟೂರ್ನಿಗೆ 1976ರಿಂದ 2005ರವರೆಗೆ ಎಂಬೆಸಿ ಸಿಗರೇಟಿನದ್ದೇ ಹೆಸರು. ನಮ್ಮಲ್ಲಿ ನಡೆದ 1996ರ ಕ್ರಿಕೆಟ್ ವಿಶ್ವಕಪ್ಪೇ ಸಿಗರೇಟಿನ ಹೆಸರಲ್ಲಿ ವಿಲ್ಸ್ ಕಪ್ ಆಗಿತ್ತಲ್ವಾ? ಹಾಗಿರುವಾಗ ಪೂಲ್ ಹುಡುಗರ ಬಾಯಲ್ಲಿ ಸಿಗರೇಟ್ ಕಂಡರೆ ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ.

ಗಾಳಿ ತಿರುಗಿದ್ದು ಕೋರ್ಟುಗಳಿಂದ. 1999ರಲ್ಲಿ ಕೇರಳ ಹೈಕೋರ್ಟ್, 2001ರಲ್ಲಿ ಕಾಂಗ್ರೆಸ್ ನಾಯಕ ಮುರಳಿ ದೇವ್ರಾ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಸಾರ್ವಜನಿಕ ಜಾಗದಲ್ಲಿ ಸೇದುವುದಕ್ಕೆ ತಡೆ ಹಾಕಿದವು. 2003ರಲ್ಲಿ ತಂಬಾಕಿಗೆ ಕಡಿವಾಣ ಹಾಕುವ ಕೇಂದ್ರದ ಕೋಟ್ಪಾ (COTPA) ಕಾಯ್ದೆ ಬಂತು. ಸಾರ್ವಜನಿಕ ಜಾಗ ಅಂದರೆ ಏನು ಅಂತ ಹೇಳುವಾಗ ಅದು ಮನರಂಜನಾ ಕೇಂದ್ರಗಳನ್ನೂ ಸೇರಿಸಿತು.

ಆದರೆ ಪಾರ್ಲರ್ ಮಾಲೀಕರ ಕೊರಳಿಗೆ ಬಂದದ್ದು 2008ರ ಅಕ್ಟೋಬರ್ 2ರ ನಿಯಮಗಳು. ಬೋರ್ಡ್ ಹಾಕಬೇಕು, ಆ್ಯಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡಬಾರದು, ಯಾರಾದರೂ ಸೇದಿದರೆ ಮಾಲೀಕನೂ ಉತ್ತರ ಕೊಡಬೇಕು. ಸೇದಲು ಬೇರೆ ಕೋಣೆ ಮಾಡಿಕೊಳ್ಳುವ ಅವಕಾಶ ದೊಡ್ಡ ಹೋಟೆಲ್, ರೆಸ್ಟೊರೆಂಟ್, ವಿಮಾನ ನಿಲ್ದಾಣಗಳಿಗೆ ಮಾತ್ರ. ಪಾರ್ಲರಿಗೆ ಅದಿಲ್ಲ. ಸೇದಿದವನಿಗೆ ಆಗ ದಂಡ ಹೆಚ್ಚೆಂದರೆ 200 ರೂಪಾಯಿ ಇತ್ತು. ನನ್ನ ಲೆಕ್ಕದಲ್ಲಿ ಆ 200 ರೂಪಾಯಿಗೆ ಯಾರೂ ಹೆದರಲಿಲ್ಲ. ಆ್ಯಶ್‌ಟ್ರೇ ಮಾಯವಾಗಿದ್ದೇ ನಿಜವಾದ ಕೆಲಸ ಮಾಡಿತು. ಬೂದಿ ಉದುರಿಸಲು ಜಾಗ ಇಲ್ಲದಿದ್ದರೆ ಕೈಯಲ್ಲಿ ಹಿಡಿದು ಎಷ್ಟೊತ್ತು ನಿಲ್ಲುತ್ತೀರಿ?

ಹೊಗೆ ಮೆಟ್ಟಿಲಿಗೆ ಹೋಯಿತು. ಟೂರ್ನಿಯಲ್ಲಿ ಹೊಸ ತಕರಾರು ಶುರುವಾಯಿತು. ಹವ್ಯಾಸಿ ಪಂದ್ಯಗಳಲ್ಲಿ ಪ್ರತಿ ಟೇಬಲ್ಲಿಗೆ ರೆಫರಿ ಎಲ್ಲಿರುತ್ತಾರೆ? ಸ್ಕೋರು ಸಮವಾಗಿ ಕೊನೆಯ ಫ್ರೇಮ್ (ಒಂದು ಸುತ್ತಿನ ಆಟ) ಉಳಿದಾಗಲೇ ಒಬ್ಬ 'ಬಂದೆ ತಡೀರಿ' ಅಂತ ಕೆಳಗಿಳಿದು ಪಾನ್ ಅಂಗಡಿ ಮುಂದೆ ನಿಂತುಬಿಡುತ್ತಾನೆ. ಎದುರಾಳಿ ಕೋಲಿನ ತುದಿಗೆ ಚಾಕ್ ತಿಕ್ಕುತ್ತಾ ಕಾಯಬೇಕು. ಕೈ ತಣ್ಣಗಾಗುತ್ತೆ, ಲಯ ಹೋಗುತ್ತೆ. ಕೊನೆಗೆ ನಮ್ಮಲ್ಲಿ ಐದು ನಿಮಿಷದ ಗಡುವು ಬಂತು. ಮೀರಿದರೆ ಫ್ರೇಮ್ ಹೋಯಿತು.

ಅಷ್ಟರಲ್ಲಿ ವೇಪ್, ಅಂದರೆ ಇ-ಸಿಗರೇಟ್ ಬಂತು. ಬೂದಿ ಇಲ್ಲ, ಕಿಡಿ ಇಲ್ಲ, ಮಾವಿನಹಣ್ಣಿನ ವಾಸನೆ. ಒಮ್ಮೆ ಸೆಮಿಫೈನಲ್‌ನಲ್ಲಿ ಒಬ್ಬ ಹುಡುಗ ಟೇಬಲ್ ಪಕ್ಕದಲ್ಲೇ ಎಳೆದ. ತಡೆದದ್ದಕ್ಕೆ, 'ಅಣ್ಣಾರ, ಇದು ಹೊಗಿ ಅಲ್ರೀ, ಬರೇ ಉಗಿ. ನಿಕೋಟಿನ್ನೂ ಇಲ್ರಿ' ಅಂದ. ಸಂಘಟಕರು ಬಾಯಿ ಮುಚ್ಚಿಕೊಂಡು ನಿಂತರು.

ಅವನ ವಾದದಲ್ಲಿ, ನಿಕೋಟಿನ್ ಇಲ್ಲದಿದ್ದರೆ ಕಾಯ್ದೆಗೆ ಸಿಗಲ್ಲ ಅನ್ನುವ ಅರ್ಧ ಸುಳ್ಳು. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ತಡೆದಿತ್ತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಕಾಯ್ದೆ. ನಿಕೋಟಿನ್ ಇರಲಿ ಬಿಡಲಿ, ಬಿಸಿ ಮಾಡಿ ಉಗಿ ಎಳೆಯುವ ಸಾಧನವೆಲ್ಲ ಅದರೊಳಗೆ ಬರುತ್ತೆ. ಮಾರಿದವನಿಗೆ ಮೊದಲ ಸಲವೇ ಒಂದು ವರ್ಷದವರೆಗೆ ಜೈಲು ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಇನ್ನರ್ಧದಲ್ಲಿ ಮಾತ್ರ ಹುಡುಗ ಜಾಣ. ಯಾವ ಯಾವ ಜಾಗದಲ್ಲಿ ತಂಬಾಕು ಸೇದಬಾರದು ಅಂತ ಕೋಟ್ಪಾ ಹೇಳುತ್ತೆ. 2019ರ ಕಾಯ್ದೆ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತನ್ನು ಹಿಡಿಯುತ್ತೆ. ಎಳೆಯುವುದನ್ನೇ ಅಪರಾಧ ಅಂತ ಅದು ಹೆಸರಿಸಿಲ್ಲ. ಟೂರ್ನಿಯ ಸ್ವಂತ ನಿಯಮ ಬೇಕಾಗುವುದು ಈ ಸಂದಿಯಲ್ಲಿ.

ಈಚೆಗೆ ಕೋಟ್ಪಾಕ್ಕೆ ರಾಜ್ಯದ ತಿದ್ದುಪಡಿಯೂ ಬಂತು. 2024ರ ಫೆಬ್ರುವರಿಯಲ್ಲಿ ಪಾಸಾಗಿ, 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಅಂಕಿತ ಪಡೆಯಿತು. ದಂಡ 1,000 ರೂಪಾಯಿಗೆ ಏರಿತು, ಹುಕ್ಕಾ ಬಾರ್ ಬಂದ್, ತಂಬಾಕು ಕೊಳ್ಳುವ ವಯಸ್ಸು 18ರಿಂದ 21. ಕಾಲೇಜು ಟೂರ್ನಿಗೆ ಬರುವ ಅರ್ಧ ಹುಡುಗರಿಗೆ ಈಗ ಸಿಗರೇಟ್ ಮಾರುವುದೇ ತಪ್ಪು.

ನಮ್ಮ ಪಾರ್ಲರಿನ ಗೋಡೆ ಮೇಲೆ ಟೂರ್ನಿ ನಿಯಮಗಳ ಹಾಳೆ ಅಂಟಿಸಿದ್ದಾರೆ. 'ಧೂಮಪಾನ ನಿಷೇಧ' ಅನ್ನುವುದು ಪ್ರಿಂಟ್ ಆಗಿದೆ. ಅದರ ಮುಂದೆ ಯಾರೋ ನೀಲಿ ಪೆನ್ನಿನಲ್ಲಿ ಸೇರಿಸಿದ್ದಾರೆ: 'ಉಗಿ ಸಹಿತ.'